ಬಾಗಿಲಿಗೆ ಒರಗಿದ ರಾಶಿ

ಅಣ್ಣನಿಗೆ,

ನಿನ್ನ ಕೈಗೆ ಪ್ಲಾಸ್ಟರ್ ಹಾಕಿದ್ದಾರೆಂದು ಅತ್ತಿಗೆ ಹೇಳಿದರು.

"ಓದದ ಪುಸ್ತಕ ಯಾಕೇ ಕೊಳ್ತೀಯಾ, ದರಿದ್ರದವಳೇ?" ಎಂದು ಹೋದ ವರ್ಷ ನೀನು ನನ್ನ ಎರಡು ಹಲ್ಲು ಉದುರಿಸಿದೆ. ಕಪಾಟಿನಲ್ಲಿದ್ದವನ್ನೆಲ್ಲ ಅಂಗಳಕ್ಕೆ ಎಳೆದು ಸುಟ್ಟೆ. ಅವು ನಾನು ಓದಿ ಮುಗಿಸಿದವು ಕಣಣ್ಣಾ. ಓದದವು ಹೊಲಿಗೆ ಯಂತ್ರದ ಕೆಳಗಿದ್ದವು.

ಆಮೇಲೆ ನೀನು ನನ್ನ ಕೋಣೆಯ ಚಿಲಕವನ್ನೂ ಒದ್ದು ಮುರಿದೆಯಲ್ಲ, ಅಂದಿನಿಂದ ಅವನ್ನೇ ಬಾಗಿಲಿಗೆ ಒತ್ತಿ ಪೇರಿಸುತ್ತಿದ್ದೇನೆ. ನನ್ನ ಓಡಾಟವೆಲ್ಲ ಕೋಣೆಯ ಹಿಂಬಾಗಿಲಲ್ಲಿ, ಅದಕ್ಕೆ ಬೀಗವಿದೆ. ವಾರಕ್ಕೆ ನಾಲ್ಕಾದರೂ ರದ್ದಿ ಅಂಗಡಿಯಿಂದ ತರುತ್ತೇನೆ. ರಾಶಿ ಎದೆಮಟ್ಟ ಬಂದಿದೆ. ಅದಕ್ಕೆ ಒರಗಿ ಅಂಗಿ ಗುಂಡಿಯ ಕಾಜಾ ಹೊಲಿಯುವಾಗಿನ ನೆಮ್ಮದಿ ಈ ಮನೆಯಲ್ಲಿ ನನಗೆ ಹಿಂದೆಂದೂ ಸಿಕ್ಕಿರಲಿಲ್ಲ.

ಭಾನುವಾರ ನೀನು ಕತ್ತಿ ಹಿಡಿದು ಬಾಗಿಲ ಸಂದಿಯಲ್ಲಿ ಕೈ ತೂರಿಸಿದೆ. ನಾನು ರಾಶಿಯ ಮೇಲಿದ್ದ ದಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ನಿನ್ನ ಮಣಿಕಟ್ಟಿನ ಮೇಲೆ ಮೂರು ಸಲ ಕುಕ್ಕಿದೆ. ಮೂಳೆ ಲಟಕ್ಕೆಂದದ್ದು ನನಗೂ ಕೇಳಿಸಿತು.

ಕತ್ತಿ ನನ್ನ ಹತ್ತಿರವಿದೆ, ಕೊಡುವುದಿಲ್ಲ. ಅಂಗಿಗಳನ್ನು ಅತ್ತಿಗೆಯ ಕೈಲಿ ಕಳಿಸು. ಪ್ಲಾಸ್ಟರ್ ಹಿಡಿಸುವಂತೆ ತೋಳು ಅಗಲ ಮಾಡಿಕೊಡುತ್ತೇನೆ.

"ಅಂಥಾದ್ದೇನೇ ಇತ್ತು ಆ ಪುಸ್ತಕದಲ್ಲಿ?" ಎಂದು ಅಮ್ಮ ಕೇಳಿದಳು.

ನಾನಿನ್ನೂ ಓದಿಲ್ಲ.

ಹೊಲಿಗೆ ಕೋಣೆಯಿಂದ,
ನಿನ್ನ ತಂಗಿ