ಷಟರ್ ಎಳೆದ ದಿನಗಳು

ರಾಯಪುರಂ, ಮದ್ರಾಸು
೧೯ ಜುಲೈ ೧೯೮೩

ಪ್ರೀತಿಯ ಮೊಮ್ಮಗಳು ವಾಸಂತಿಗೆ,

ಹೇಗಿದ್ದೀ ಮಗಾ? ದೆಹಲಿಯ ಬಿಸಿಲಿಗೆ ಮೂಗಿನಲ್ಲಿ ರಕ್ತ ಬರುತ್ತದೆಂದು ಬರೆದಿದ್ದೆಯಲ್ಲ, ನಿಂತಿತೇ? ದಿನಕ್ಕೆರಡು ಲೋಟ ಮಜ್ಜಿಗೆ ಕುಡಿ. ಸರಕಾರದ ಅಂಕಿಸಂಖ್ಯೆ ಇಲಾಖೆಯಲ್ಲಿ ಕೂತವರಿಗೂ ಮಜ್ಜಿಗೆ ಬೇಕು. ನಾನು ಗಟ್ಟಿಯಾಗಿದ್ದೇನೆ. ಮೆಟ್ಟಿಲು ಕಂಡರೆ ಮೊಣಕಾಲು ಜಗಳ ತೆಗೆಯುತ್ತದೆ, ನಾನು ಸೋಲುವುದಿಲ್ಲ.

ಇನ್ನು ನೀನು ಕಳಿಸಿದ ಮೂವತ್ತು ಫಾರಮುಗಳ ವಿಷಯ. ಹತ್ತು ಜನರಿಗಿಂತ ಕಡಿಮೆ ಕೆಲಸಗಾರರಿರುವ ಕಡೆ ಐದು ವರ್ಷಗಳಲ್ಲಿ ಕೆಲಸ ಮಾಡುತ್ತಲೇ ಸತ್ತವರೆಷ್ಟು ಎಂದು ಕೇಳಿದ್ದೆ. ನಮ್ಮ ಬೀದಿಯಿಂದ ಮೂವತ್ತಕ್ಕೆ ಮೂವತ್ತೂ ಸೊನ್ನೆಯಾಗಿ ಬಂದವು. ಅದನ್ನೇ ಕಳಿಸಿದರೆ, ಸಣ್ಣ ಅಂಗಡಿಗಳಿಗೆ ತಪಾಸಣೆಯೇ ಬೇಡವೆಂದು ನಿನ್ನ ಮೇಲಧಿಕಾರಿ ಫೈಲು ಮುಚ್ಚುತ್ತಾರೆಂದು ನೀನೇ ಬರೆದಿದ್ದೆ. ಹಾಗಾಗಿ ಎಸ್ಸೆಸ್ಸೆಲ್ಸಿ ಪಾಸಾದ ನಾನೇ ಕೊಡೆ ಹಿಡಿದು ಹೊರಟೆ.

ಮೊದಲು ಲೇತ್ ಅಂಗಡಿಯ ಕಾಂತಪ್ಪ. ಫಾರಮನ್ನು ಬೆರಳ ತುದಿಯಿಂದ ಆಚೆ ಸರಿಸಿ, "ಅಮ್ಮಾ, ಶುಕ್ರವಾರ ಬೆಳಿಗ್ಗೆ ಗಲ್ಲಾದ ಎದುರು ಕೂತು ಸಾವಿನ ಮಾತು ಕೇಳ್ತೀರಲ್ಲ, ನನ್ನ ಮೇಲೆ ಏನು ಕೋಪ?" ಎಂದ. ಆಗ ಹೊಳೆಯಿತು. ಅಂಗಡಿಯ ಹೆಸರಿರುವ ಕಾಗದದ ಮೇಲೆ ಸಾವು ಎಂದು ಬರೆಯಲು ಇಲ್ಲಿ ಯಾರ ಕೈಯೂ ಏಳುವುದಿಲ್ಲ. ಪ್ರಶ್ನೆ ಬರೆದವರಿಗೆ ಇದು ಗೊತ್ತಿಲ್ಲ; ನಿನಗೆ ಗೊತ್ತಿರಬೇಕಿತ್ತು.

ನಾನು ಪ್ರಶ್ನೆಯನ್ನೇ ಬದಲಿಸಿದೆ. ಐದು ವರ್ಷಗಳಲ್ಲಿ ಯಾವಾಗೆಲ್ಲ ಷಟರ್ ಎಳೆದಿರಿ ಎಂದು ಕೇಳಿದೆ. ಕಾಂತಪ್ಪನ ಎದೆ ಉಬ್ಬಿತು. ಪೊಂಗಲ್ ಬಿಟ್ಟರೆ ಮುಚ್ಚಿದ್ದೇ ಇಲ್ಲವೆಂದು ಜಂಬ ಕೊಚ್ಚಿದ. ಹಾಂ, ಮಗಳ ಮದುವೆಗೆ ಒಂದು ದಿನ. ಆಮೇಲೆ ತಾನಾಗಿಯೇ ದನಿ ತಗ್ಗಿಸಿ, ಬೆಲ್ಟಿಗೆ ಸಿಕ್ಕಿದ ಮೋನಪ್ಪನಿಗಾಗಿ ಮೂರು ದಿನ ಎಂದ. ಗುಜರಿ ಅಂಗಡಿಯ ಜಯಲಕ್ಷ್ಮೀ, ಹೊಸ ಸಿನಿಮಾ ಬಂದಾಗಲೆಲ್ಲ ಮುಚ್ಚುತ್ತೇವೆ ಎಂದು ನಕ್ಕು, ಎರಡು ಸಿನಿಮಾಗಳ ನಡುವೆ ಒಬ್ಬ ಕೆಲಸದವನ ಹೆಸರು ಹೇಳಿದಳು. ನಾನೇ ಬರೆದುಕೊಂಡೆ, ಅವರು ಮುಖ ಅತ್ತ ತಿರುಗಿಸಿ ಸಹಿ ಹಾಕಿದರು. ನಾಲ್ಕು ದಿನ, ಹದಿನೇಳು ಲೋಟ ಕಾಫಿ. ಒಂದೂ ನಮ್ಮ ಹೋಟೆಲಿನ ಕಾಫಿಯ ಹತ್ತಿರ ಸುಳಿಯಲಿಲ್ಲ. ಸಿಕ್ಕಿದ ಹೆಸರುಗಳು ಐದು. ಫಾರಮುಗಳನ್ನು ಇದರೊಂದಿಗೇ ಕಳಿಸುತ್ತಿದ್ದೇನೆ. ಮುಂದಿನ ಸಲ ಪ್ರಶ್ನೆ ಅಚ್ಚು ಮಾಡಿಸುವ ಮೊದಲು ನನಗೆ ಕಳಿಸಿ ಎಂದು ಮೇಲಧಿಕಾರಿಗೆ ಹೇಳು.

ದೇವರು ನಿನ್ನ ಕಣ್ಣನ್ನೂ ಕನ್ನಡಕವನ್ನೂ ಕಾಯಲಿ. ನಿನ್ನ ಕೋಣೆಯ ಜಲಜಾಳಿಗೆ ನನ್ನ ಆಶೀರ್ವಾದ. ಇದರ ಜೊತೆ ಕಳಿಸಿದ ಸಂಡಿಗೆಯಲ್ಲಿ ಅವಳಿಗೂ ಪಾಲು ಕೊಡು.

ನಿನ್ನ ಅಜ್ಜಿ,
ಜಾನಕಮ್ಮ

ತಾ.ಕ.: ಟಪಾಲಿಗೆ ಹೊತ್ತಾಯಿತು. ಮೂವತ್ತನೆಯ ಫಾರಮು ನಮ್ಮ ಹೋಟೆಲಿನದು. ಅದರಲ್ಲಿ ಸೊನ್ನೆ ಬರೆದವಳು ನಾನೇ. ೧೯೭೯ರಲ್ಲಿ ಹಿಟ್ಟು ರುಬ್ಬುತ್ತಿದ್ದ ಐತಪ್ಪ ಯಂತ್ರದ ಕರೆಂಟು ಹೊಡೆದು ಹೋದ. ಎಲ್ಲರಿಗೂ ಎದೆನೋವು ಎಂದು ಹೇಳಿದೆ, ನಿನಗೂ. ತಂತಿ ಕಿತ್ತಿದೆಯೆಂದು ಅವನು ಎರಡು ಸಲ ಹೇಳಿದ್ದ. ನವರಾತ್ರಿ ಮುಗಿಯಲಿ ಎಂದವಳು ನಾನು. ಸೊನ್ನೆ ಹೊಡೆದುಹಾಕಿ ಒಂದು ಎಂದು ಬರೆದಿದ್ದೇನೆ. ಈಗ ಆರು. ಅಜ್ಜಿಯದೆಂದು ಅದನ್ನು ಬದಿಗಿಡಬೇಡ, ಎಲ್ಲಕ್ಕಿಂತ ಮೇಲಿಡು.