ಪೂಜೆಯ ರಾಗದಲ್ಲಿ ಓದಿದ ನೋಟಿಸು

ಮಣ್ಣಗುಡ್ಡ, ಮಂಗಳೂರು
೧೦ ಸೆಪ್ಟೆಂಬರ್ ೧೯೫೮, ಬುಧವಾರ

ಗ್ರೆಗರಿಯವರಿಗೆ ರೊಸಾಲಿನ್ ಮಾಡುವ ವಂದನೆಗಳು.

‘ಪ್ರಿಯ’ ಎಂದು ಬರೆದು ಗೀಟು ಎಳೆದು ಹೊಡೆದು ಹಾಕಿದ್ದೇನೆ. ಕಾಣುತ್ತದೆ, ಕಾಣಲಿ. ಕೊಂಕಣಿಯಲ್ಲಿ ಬರೆದರೆ ಬೈಗುಳವೇ ಮೊದಲು ಬರುತ್ತದೆ, ಹಾಗಾಗಿ ಶಾಲೆಯ ಕನ್ನಡ.

ಹಂಚಿನ ಕಾರ್ಖಾನೆ ಮುಚ್ಚಿದ ದಿನ ಗೇಟಿನಲ್ಲಿ ನಿಂತು ನೀವು ನಮಗೆ ಕೊಟ್ಟ ಮಾತುಗಳು ಇವು: ಮಳೆಗಾಲ ಕಳೆದ ಕೂಡಲೇ ತೆರೆಯುತ್ತದೆ. ಹಂಚು ಒತ್ತುವ ಮಿಷನುಗಳನ್ನು ಯಾರೂ ಮುಟ್ಟುವುದಿಲ್ಲ. ಒಬ್ಬ ಆಳನ್ನೂ ಬಿಡಿಸುವುದಿಲ್ಲ. ನಮಗೆ ಸಿಗದೆ ಹೋದದ್ದು: ನೋಟಿಸಿನ ಕನ್ನಡ ಪ್ರತಿ. ಧಣಿಗಳ ಜೊತೆ ಮಾತಿಗೆ ಕೂರುವಾಗ ಹೆಂಗಸರಿಗೊಂದು ಜಾಗ. ತೆರೆಯುವ ತಾರೀಕು ಕೇಳಿದಾಗ ಒಂದು ನೇರ ಉತ್ತರ.

ಸಂಘ ನಿಮ್ಮನ್ನು ಕಾರ್ಯದರ್ಶಿ ಮಾಡಿದ್ದು ಯಾಕೆ? ಪಾದ್ರಿಯಾಗಲಿಕ್ಕೆಂದು ಸೆಮಿನರಿಯಲ್ಲಿ ಆರು ವರ್ಷ ಓದಿ ಬಿಟ್ಟು ಬಂದವರು, ಇಂಗ್ಲಿಷ್ ಉಂಟು, ಲ್ಯಾಟಿನ್ ಉಂಟು, ಧಣಿಗಳ ಕಾಗದವನ್ನು ನಮಗೆ ಬಿಡಿಸಿ ಹೇಳುತ್ತೀರಿ ಎಂದು. ನೀವು ಹೇಗೆ ಓದಿದಿರಿ? ಇಂಗ್ಲಿಷ್ ಸಾಲುಗಳನ್ನು ಸರಸರ ಮುಗಿಸಿದಿರಿ. ‘ಸೀನೆ ದಿಯೆ’ ಬಂದಾಗ ಮಾತ್ರ ಸ್ವರ ಎಳೆದಿರಿ, ಪೂಜೆಯಲ್ಲಿ ಪಾದ್ರಿಗಳು ಎಳೆಯುವ ಹಾಗೆಯೇ. ನಮ್ಮ ಮಂದಿಗೆ ಅಷ್ಟು ಸಾಕು. ಲ್ಯಾಟಿನ್ ಕಿವಿಗೆ ಬಿದ್ದರೆ ಅರ್ಥ ಕೇಳುವ ಅಭ್ಯಾಸ ನಮಗಿಲ್ಲ, ಉತ್ತರ ಕೊಡುವ ಅಭ್ಯಾಸ. ನಮ್ಮಲ್ಲಿ ಹಿರಿಯರಾದ ಅಪೊಲೋನಿಯಾ ಬಾಯಿ ತಲೆಗೆ ಸೆರಗು ಎಳೆದುಕೊಂಡು ‘ಆಮೆನ್’ ಅಂದರು. ಹಿಂದೆಯೇ ಇಡೀ ಗುಂಪು ಆಮೆನ್. ಮಣ್ಣು ತುಳಿಯುವ ಚನಿಯ ಕ್ರಿಸ್ತುವನೇ ಅಲ್ಲ, ಇಗರ್ಜಿಯ ಬಾಗಿಲು ಯಾವ ಕಡೆ ಎಂದೂ ಗೊತ್ತಿಲ್ಲ, ಅವನೂ ಆಮೆನ್! ನಮ್ಮ ಅನ್ನ ಕಿತ್ತುಕೊಳ್ಳುವ ಕಾಗದಕ್ಕೆ ನಾವೇ ಆಮೆನ್ ಹೇಳಿ ಮನೆಗೆ ಹೋದೆವು.

ನನ್ನ ಜೊತೆ ಹಂಚು ಹೊರುವ ಹೇಮಾಕ್ಷಿ ಒಬ್ಬಳೇ ಕೇಳಿದಳು, ‘ಅದು ಎಂತ ಮಾರಾಯ್ರೆ, ಸೀನೆ ದಿಯೆ?’ ಎಂದು. ‘ಸ್ವಲ್ಪ ಕಾಲಕ್ಕೆ ಅಂತ. ಅದು ಕೋರ್ಟಿನ ಭಾಷೆ, ನಿನಗೆ ಅರ್ಥ ಆಗ್ಲಿಕ್ಕಿಲ್ಲ’ ಅಂದಿರಿ.

ನನಗೆ ಸಂಶಯ ಹುಟ್ಟಿದ್ದು ಆಗಲೇ. ಮದುವೆಯ ಹೊಸದರಲ್ಲಿ ಪೂಜೆಯ ಒಂದೊಂದು ಲ್ಯಾಟಿನ್ ಮಾತನ್ನೂ ಬಿಡಿಸಿ ಹೇಳಿದವರು ನೀವು. ಅರ್ಥ ತಿಳಿಯದೆ ಪ್ರಾರ್ಥಿಸುವುದು ಗಿಳಿಪಾಠ ಎಂದು ನನ್ನನ್ನು ಬೈದವರು. ಆ ಬಾಯಿ ಗೇಟಿನಲ್ಲಿ ಅರ್ಥವನ್ನು ಯಾಕೆ ನುಂಗಿತು?

ಶನಿವಾರ ಎರಡು ಮಿಷನು ಲಾರಿ ಹತ್ತಿದವು. ರಿಪೇರಿಗೆ ಎಂದಿರಿ. ರಿಪೇರಿಗೆ ಹೋಗುವ ಮಿಷನಿನ ಅಡಿಗಲ್ಲನ್ನೂ ಕೀಳುತ್ತಾರೆಯೇ? ಅದೇ ದಿನ ಚನಿಯ ಬಂದು, ‘ಅಕ್ಕಾ, ನಿಮ್ಮವರು ಕಂಕನಾಡಿಯಲ್ಲಿ ಧಣಿಯ ಕಾರಿನಿಂದ ಇಳಿದ್ರು. ಡ್ರೈವರನ ಹತ್ತಿರ ಅಲ್ಲ, ಹಿಂದೆ, ಧಣಿಯ ಪಕ್ಕದಲ್ಲೇ ಕೂತಿದ್ರು’ ಎಂದ. ದೂರದ ಫೆರೋಕಿನಲ್ಲಿ ಧಣಿಗಳ ಹೊಸ ಕಾರ್ಖಾನೆ ಏಳುತ್ತಿದೆ, ಮೆನೇಜರ್ ಬೇಕಾಗಿದೆ ಎಂಬ ಸುದ್ದಿಯೂ ಉಂಟು. ಆ ಕುರ್ಚಿ ನಿಮಗೋ ಎಂದು ನಾನು ಕೇಳಿದೆ. ನೀವು ಊಟ ಬಿಟ್ಟು ಎದ್ದಿರಿ. ಮರುದಿನ ನಾನು ಪೆಟ್ಟಿಗೆ ಹಿಡಿದು ಇಲ್ಲಿ ಹೇಮಾಕ್ಷಿಯ ಮನೆಗೆ ಬಂದೆ.

ಸೋಮವಾರ ಇಗರ್ಜಿಯಲ್ಲಿ ತೆನೆ ಹಬ್ಬದ ಪೂಜೆ ಮುಗಿದ ಮೇಲೆ, ಸೆಮಿನರಿಯಲ್ಲಿ ನಿಮಗೆ ಪಾಠ ಹೇಳಿದ ಪಾದ್ರಿ ಇಸಿದೋರ್ ಅವರನ್ನು ಹಿಡಿದು ಕೇಳಿದೆ. ‘ಸೀನೆ ಅಂದ್ರೆ ಇಲ್ಲದೆ, ದಿಯೆ ಅಂದ್ರೆ ದಿನ. ದಿನ ಗೊತ್ತು ಮಾಡದೆ ಮುಚ್ಚುವುದು’ ಎಂದರು. ನೋಟಿಸಿನಲ್ಲಿ ‘ಬೋನಾ ಫಿದೆ’ ಎಂದೂ ಉಂಟಲ್ಲ, ಅದು ‘ಒಳ್ಳೆಯ ನಂಬಿಕೆಯಿಂದ’ ಅಂತೆ. ನಂಬಿಕೆಯಂತೆ! ಹಾಡುಹಗಲು ಮಿಷನು ಸಾಗಿಸುವವರಿಗೆ ಆ ಮಾತೂ ಬೇಕು, ಅದೂ ನಮಗೆ ತಿಳಿಯದ ಭಾಷೆಯಲ್ಲೇ ಬೇಕು. ಕಡೆಗೆ ಪಾದ್ರಿಗಳು ನಕ್ಕು, ‘ನನ್ನನ್ನು ಯಾಕೆ ಕೇಳ್ತೀ ಬಾಯಿ? ಗ್ರೆಗರಿ ಮನೆಯಲ್ಲೇ ಇದ್ದಾನಲ್ಲ. ಲ್ಯಾಟಿನ್‌ನಲ್ಲಿ ಕ್ಲಾಸಿಗೇ ಮೊದಲು ಅವನು’ ಎಂದರು. ನನಗೆ ಅಲ್ಲಿ ನಿಲ್ಲಲಿಕ್ಕಾಗಲಿಲ್ಲ.

ಇನ್ನು ನಾಲ್ಕು ಮಿಷನು ಉಳಿದಿವೆ. ಅವೂ ಹೋದರೆ ಅಲ್ಲಿ ಗೋಡೆ ಬಿಟ್ಟು ಏನೂ ಇರುವುದಿಲ್ಲ, ಕೆಲಸವೂ ಇಲ್ಲ. ಇವತ್ತು ಬೆಳಿಗ್ಗೆಯಿಂದ ನಾವು ಹೆಂಗಸರು ಸರದಿಯಲ್ಲಿ ಲಾರಿಗೆ ಅಡ್ಡವಾಗಿ ಗೇಟಿನಲ್ಲಿ ಕೂತಿದ್ದೇವೆ. ಚನಿಯನೊಬ್ಬನನ್ನು ಬಿಟ್ಟು ಗಂಡಸರು ನಿಮ್ಮ ಮಾತು ನಂಬಿ ಮನೆಯಲ್ಲಿದ್ದಾರೆ. ನಾವು ಅರ್ಥ ಹೇಳಿದರೆ, ‘ನಿಮ್ಮ ಲ್ಯಾಟಿನ್ ಒಲೆಯ ಹತ್ತಿರ ಇಟ್ಟುಕೊಳ್ಳಿ’ ಎಂದು ನಗುತ್ತಾರೆ. ನೀವೇ ಹೇಳಿದರೆ ಮಾತ್ರ ಏಳುತ್ತಾರೆ, ಅವರು ಎದ್ದರೆ ಮಾತ್ರ ಲಾರಿ ನಿಲ್ಲುತ್ತದೆ. ಸಂಘದ ಸಭೆಗೆ ಬನ್ನಿ. ಅದೇ ನೋಟಿಸನ್ನು ಅದೇ ಗೇಟಿನಲ್ಲಿ ನಿಂತು ಓದಿ. ತುಳುವಿನಲ್ಲಿ, ಕೊಂಕಣಿಯಲ್ಲಿ, ರಾಗ ಇಲ್ಲದೆ. ಫೆರೋಕಿನ ಕುರ್ಚಿ ಬೇಕಿದ್ದರೆ ಓದಿದ ಮೇಲೆ ಹೋಗಿ, ನಾನು ತಡೆಯುವುದಿಲ್ಲ, ಜೊತೆಗೂ ಬರುವುದಿಲ್ಲ. ನೀವು ಬಾರದಿದ್ದರೆ ಓದುವವಳು ನಾನು.

ಈಗಿನ ಮಟ್ಟಿಗೆ ನಿಮ್ಮ ಹೆಂಡತಿ,
ರೊಸಾಲಿನ್

ಮರೆತ ಮಾತು: ನಿನ್ನೆ ಸಂಘದ ಸಮಿತಿಯಲ್ಲಿ ಚನಿಯ, ‘ಗ್ರೆಗರಿ ಧಣಿಯ ಜನ, ಸಂಘದಿಂದ ಕಿತ್ತು ಹಾಕಿ’ ಎಂದು ಮೇಜು ಗುದ್ದಿದ. ನಾನು ಎದ್ದು ನಿಂತು, ‘ಅವರಿಗೂ ಆ ಲ್ಯಾಟಿನ್ ಮಾತಿನ ಅರ್ಥ ಗೊತ್ತಿರಲಿಲ್ಲ’ ಎಂದೆ. ಪಾದ್ರಿಗಳು ನಕ್ಕು ಹೇಳಿದ್ದನ್ನು ಹೇಮಾಕ್ಷಿಗೂ ತಿಳಿಸಿಲ್ಲ. ಸಂಘದವರ ಎದುರು ನಿಂತು ನಾನು ಹೇಳಿದ ಸುಳ್ಳು ಅದೊಂದೇ. ಅದನ್ನು ಸಭೆಯ ತನಕ ಹೊರುತ್ತೇನೆ, ಆಮೇಲೆ ಇಲ್ಲ. ಸಭೆ ಈ ಭಾನುವಾರ, ಸೆಪ್ಟೆಂಬರ್ ಹದಿನಾಲ್ಕು, ಬೆಳಿಗ್ಗೆ ಹತ್ತು ಗಂಟೆಗೆ, ಕಾರ್ಖಾನೆಯ ಗೇಟಿನಲ್ಲಿ.