ಒಗೆಯಬಾರದಿದ್ದ ಕೋಟು

ಮನೆಯಿಂದ,
ಮಾರ್ಚ್ ಒಂಬತ್ತು, ಮಂಗಳವಾರ

ಪ್ರೀತಿಯ ನಮ್ಮ ಮನೆ ಯಜಮಾನರಿಗೆ,

ಹೇಗಿದ್ದೀರಿ? ಸೊಂಟದ ನೋವು ಹೇಗಿದೆ? ಗೋದಾಮಿನಲ್ಲಿ ಭಾರದ ಪೆಟ್ಟಿಗೆ ಎತ್ತುವಾಗ ನಾನೇ ಗಟ್ಟಿಗ ಅಂತ ಮುಂದೆ ನುಗ್ಗಬೇಡಿ. ಅಲ್ಲಿ ಶಹಬ್ಬಾಸ್ ಅನ್ನುವವರು ಆಮೇಲೆ ಸೊಂಟಕ್ಕೆ ಎಣ್ಣೆ ತಿಕ್ಕಲು ಬರುವುದಿಲ್ಲ. ಮಾಸ್ಕು ಮೂಗಿನ ಮೇಲಿರಲಿ, ಗಲ್ಲದ ಮೇಲಲ್ಲ. ಫೋನಿನಲ್ಲಿ ಇದನ್ನೆಲ್ಲ ಹೇಳಹೊರಟರೆ "ಆಮೇಲೆ ಮಾಡ್ತೀನಿ ಕಣೇ" ಅನ್ನುತ್ತೀರಿ, ಆ ಆಮೇಲೆ ಬರುವುದೇ ಇಲ್ಲ. ಕಾಗದವಾದರೆ ನೀವು ನಡುವೆ ಬಾಯಿ ಹಾಕುವ ಹಾಗಿಲ್ಲ ನೋಡಿ. ನಾನು ಚೆನ್ನಾಗಿದ್ದೇನೆ. ಅಡುಗೆ ಮಾತ್ರ ಈಗಲೂ ಇಬ್ಬರಿಗಾಗುವಷ್ಟು ಆಗಿಬಿಡುತ್ತದೆ, ಕೈಗೆ ಹಳೆಯ ಅಳತೆ ಮರೆಯುತ್ತಿಲ್ಲ.

ಸುದ್ದಿ ಏನೆಂದರೆ, ಹೋದ ತಿಂಗಳು ಪರಿಹಾರದ ತಪಾಸಣೆಗೆ ಕೊನೆಗೂ ಅಧಿಕಾರಿ ಬಂದಿದ್ದರು. ಆ ಕಾಯಿಲೆಯ ಕಾಲದಲ್ಲಿ ಹಾಲಿನ ಲಾರಿ ನಿಂತುಹೋಗಿ, ಕ್ಯಾನುಗಟ್ಟಲೆ ಹಾಲನ್ನು ನಾವಿಬ್ಬರೂ ಚರಂಡಿಗೆ ಸುರಿದೆವಲ್ಲ, ಅದಕ್ಕೆ ಸರ್ಕಾರ ಕೊಡುತ್ತೇನೆ ಅಂದಿದ್ದ ಪರಿಹಾರ. ಕೊಟ್ಟಿಗೆ ಮುಚ್ಚಿದವರಿಗೆ ಇಲ್ಲವಂತೆ. ಹಾಲು ಕರೆಯುವುದನ್ನು ಕಣ್ಣಾರೆ ನೋಡಿಯೇ ಬರೆದುಕೊಳ್ಳುವುದಂತೆ. "ಪರಿಹಾರ ಬಂದ ದಿನ ಗೋದಾಮಿಗೆ ಕೈಮುಗಿದು ಬಂದುಬಿಡ್ತೀನಿ" ಅಂತ ಬಸ್ಸಿನ ಕಿಟಕಿಯಿಂದ ನೀವು ಕೂಗಿದ್ದು ನನ್ನ ಕಿವಿಯಲ್ಲೇ ಇದೆ. ಕೊಟ್ಟಿಗೆಯನ್ನು ಉಜ್ಜಿ ಕನ್ನಡಿ ಮಾಡಿದೆ. ಉಳಿದ ಹಸುಗಳು ಗಬ್ಬವಾಗಿ ಹಾಲು ನಿಲ್ಲಿಸಿವೆ, ಸದ್ಯಕ್ಕೆ ಕರೆಯುತ್ತಿರುವುದು ನಿಮ್ಮ ಮುದ್ದಿನ ದೊರೆಸಾನಿ ಒಬ್ಬಳನ್ನೇ.

ಅವಳೋ, ನನ್ನನ್ನು ಕಂಡರೆ ಸವತಿಯನ್ನು ಕಂಡ ಹಾಗೆ ಆಡುತ್ತಾಳೆ. ನಿಮ್ಮ ಖಾಕಿ ಕೋಟು ತೊಟ್ಟು ಕೂತರೆ ಮಾತ್ರ ಹಾಲಿಳಿಸುತ್ತಿದ್ದಳು. ಗೊತ್ತಿದ್ದೂ ಗೊತ್ತಿದ್ದೂ ನಾನೇನು ಮಾಡಿದೆ ಹೇಳಿ? ಅಧಿಕಾರಿಯ ಮುಂದೆ ಕೊಳಕಾಗಿ ನಿಲ್ಲಬಾರದೆಂದು ಹಿಂದಿನ ದಿನ ಆ ಕೋಟನ್ನೇ ಸೋಪು ಹಾಕಿ ತಿಕ್ಕಿ ತಿಕ್ಕಿ ಒಗೆದು, ಬಿಸಿಲಿಗೆ ಹರವಿದೆ. ಬೆಳಿಗ್ಗೆ ದೊರೆಸಾನಿ ಮೂಸಿದಳು, ಮುಖ ತಿರುಗಿಸಿದಳು, ಬಕೆಟ್ಟಿಗೆ ಝಾಡಿಸಿ ಒದ್ದಳು. ಅದು ಉರುಳಿಕೊಂಡು ಹೋಗಿ ಅಧಿಕಾರಿಯ ಬೂಟಿಗೆ ತಾಗಿ ನಿಂತಿತು. ಪಾಪ, ಒಳ್ಳೆಯ ಮನುಷ್ಯ. "ಇದೂ ಹಾಲು ನಿಲ್ಲಿಸಿದೆಯೇನಮ್ಮಾ?" ಅಂತ ಮೆಲ್ಲಗೆ ಕೇಳಿದರು.

ಒಂದು ನಿಮಿಷ ಇರಿ ಸಾರ್ ಅಂದವಳೇ ಒಳಗೆ ಓಡಿದೆ. ನಿಮ್ಮ ದಿಂಬಿನ ಕವರನ್ನು ನೀವು ಹೋದಾಗಿನಿಂದ ಒಗೆದಿರಲಿಲ್ಲ. ನಗುತ್ತೀರೇನೋ, ನಗಿ. ನಿದ್ದೆ ಬಾರದಾಗ ಅದಕ್ಕೆ ಮುಖ ಒತ್ತಿ ಮಲಗುತ್ತಿದ್ದೆ. ಅದನ್ನೇ ಕಿತ್ತು ತಂದು ತಲೆಗೆ ಸುತ್ತಿಕೊಂಡೆ. ದೊರೆಸಾನಿ ಕತ್ತು ಚಾಚಿ ನನ್ನ ತಲೆಯನ್ನೆಲ್ಲ ಮೂಸಿ, ಉದ್ದಕ್ಕೆ ಉಸಿರು ಬಿಟ್ಟಳು. ಹಾಲು ಬಂತು. ನನಗೆ ಅಳುವೂ ಬಂತು. ಹಾಲು ಬಂದ ಸಂತೋಷಕ್ಕೆ ಅಂತ ಅಧಿಕಾರಿ ತಿಳಿದುಕೊಂಡಿರಬೇಕು, ಸರಸರ ಬರೆದುಕೊಂಡು ಹೋದರು.

ಅಂದಿನಿಂದ ಎರಡು ಹೊತ್ತೂ ಅದನ್ನೇ ಸುತ್ತಿಕೊಳ್ಳುತ್ತಿದ್ದೇನೆ. ಈಗ ಅದರಲ್ಲಿ ಬರೀ ಸಗಣಿಯ ವಾಸನೆ, ಮಂಚಕ್ಕೆ ತರುವ ಹಾಗಿಲ್ಲ. ಮನೆ ತುಂಬ ದೊಡ್ಡದಾಗಿದೆ ರೀ. ಮೊನ್ನೆ ಫೋನಿನಲ್ಲಿ, ನಿಮ್ಮನ್ನು ಮೇಸ್ತ್ರಿ ಮಾಡಿದ್ದಾರೆ ಅಂದಿರಿ. ನಿಮ್ಮ ದನಿಯಲ್ಲಿ ಎಷ್ಟು ಖುಷಿಯಿತ್ತು! ನನಗೂ ಸಂತೋಷವೇ, ಆದರೆ ಆ ಖುಷಿ ಕೇಳಿ ಭಯವೂ ಆಯಿತು.

ಹೊತ್ತಿಗೆ ಸರಿಯಾಗಿ ಉಣ್ಣಿ. ದೊರೆಸಾನಿಯೂ ನಿಮ್ಮನ್ನು ಕೇಳಿದಳೆಂದು ತಿಳಿಯಿರಿ.

ನಿಮ್ಮ,
ಮಂಚದ ಗೋಡೆಬದಿಯವಳು

ಮರೆತಿದ್ದೆ: ಅಂಚೆಯವರು ಗೇಟಿನ ಹತ್ತಿರ ಕಾಯುತ್ತಿದ್ದಾರೆ, ಅಕ್ಷರ ಸೊಟ್ಟಗಾದರೆ ಬೈಯಬೇಡಿ. ಮರೆತಿದ್ದೆ ಅಂದದ್ದು ಸುಳ್ಳು. ಪರಿಹಾರ ಬಂತು. ಹೋದ ವಾರವೇ ಖಾತೆಗೆ ಬಿದ್ದಿದೆ. ಫೋನಿನಲ್ಲಿ ಹೇಳಲು ಧೈರ್ಯವಾಗಲಿಲ್ಲ, ಕೇಳಿ ನೀವು ಸುಮ್ಮನಾಗಿಬಿಟ್ಟರೆ ಅಂತ. ತೊಟ್ಟ ಅಂಗಿಯೊಂದನ್ನು ಒಗೆಯದೆ ಕಳಿಸಿ, ದೊರೆಸಾನಿಗೆ ಅಷ್ಟು ಸಾಕು. ನನಗೆ ಅಂಗಿ ಸಾಲದು.